ಕಿಟಕಿಯಿಂದ ಕೂಗಿ ನೋಡಿದವಳು

ಮೂರನೇ ಮಹಡಿ, ಅಡುಗೆಮನೆಯ ಮೇಜು
ನವೆಂಬರ್ ೧೭, ಭಾನುವಾರ ಮಧ್ಯಾಹ್ನ

ನೀರಿನ ಮೇಲಿರುವ ನನ್ನ ಅಕ್ಕಾ,

ಹೇಗಿದ್ದೀಯ? ಫ್ಯೂಸ್ ಬಾಕ್ಸಿನಲ್ಲಿ ಸುಟ್ಟುಕೊಂಡ ಬೆರಳು ವಾಸಿಯಾಯಿತಾ, ಇಲ್ಲ ಇನ್ನೂ ಬಟ್ಟೆ ಸುತ್ತಿಕೊಂಡೇ ಓಡಾಡುತ್ತಿದ್ದೀಯಾ? ಅಲೆ ಜೋರಾದಾಗ ಈಗಲೂ ವಾಂತಿ ಬರುತ್ತಾ? ಇಡೀ ಹಡಗಿಗೆ ಕರೆಂಟು ನೋಡಿಕೊಳ್ಳುವವಳಿಗೆ ಹಡಗು ಅಲ್ಲಾಡಿದರೆ ತಲೆ ಸುತ್ತುತ್ತದೆ ಅಂತ ಹೇಳಿದರೆ ನನ್ನ ಕಾಲೇಜಿನವರು ನಂಬುವುದೇ ಇಲ್ಲ. ಹೊತ್ತು ಹೊತ್ತಿಗೆ ತಿನ್ನು. ಕ್ಯಾಪ್ಟನ್ ಬೈದರೆ ತಿರುಗಿ ಬೈಯಬೇಡ, ಮನಸ್ಸಿನಲ್ಲೇ ಬೈದುಕೋ, ಮನೆಯಲ್ಲಿ ಅಮ್ಮ ಮಾಡುವ ಹಾಗೆ. ನಾನು ಕೈಯಲ್ಲಿ ಇಷ್ಟುದ್ದ ಬರೆದು ಯಾವ ಕಾಲವಾಯಿತೋ! ನಗುವ ಮುಖ ಹಾಕಬೇಕಾದ ಜಾಗದಲ್ಲೆಲ್ಲ ಪೆನ್ನು ತಡಕಾಡುತ್ತಿದೆ. ಆದರೆ ಏನು ಮಾಡಲಿ, ನಿನಗೆ ಸಿಗ್ನಲ್ ಸಿಗುವುದು ಬಂದರಿನಲ್ಲಿ ಮಾತ್ರ, ಆಗೆಲ್ಲ ಅಪ್ಪ ಸ್ಪೀಕರ್ ಆನ್ ಮಾಡಿಕೊಂಡು ಫೋನಿನ ಎದುರಿಗೇ ಕೂತಿರುತ್ತಾರೆ. ಅವರೆದುರು ಹೇಳಲಾಗದ ಮಾತು ಇದು, ಅದಕ್ಕೇ ಕಾಗದ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಬೇಕು, ಬರೆದಿದ್ದೇನೆ ಅಂದುಕೋ. ಅಮ್ಮ ಹಲ್ಲಿನ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ಕೂತು ಮನೆಯಲ್ಲಿ ಫೋನ್ ಎತ್ತಿದರೂ “ಯಾವ ಹಲ್ಲು, ಮೇಲಿಂದಾ ಕೆಳಗಿಂದಾ?” ಅಂತಲೇ ಶುರು ಮಾಡುತ್ತಾಳೆ. ಮೊನ್ನೆ ನನ್ನ ಪ್ರಿನ್ಸಿಪಾಲರಿಗೂ ಹಾಗೇ ಕೇಳಿದಳು. ಅಪ್ಪ ಬಸ್ಸು ಹತ್ತಿ ಟಿಕೆಟ್ ಚೆಕ್ ಮಾಡಿ ಮಾಡಿ ಈಗ ಮನೆಯವರ ಮುಖವನ್ನೂ ಹಾಗೇ ನೋಡುತ್ತಾರೆ. ನಾನು ಫ್ರಿಜ್ ತೆಗೆದರೂ ಒಂದು ಚೀಟಿ ತೋರಿಸಬೇಕೇನೋ ಅನ್ನಿಸುತ್ತದೆ. ಅಜ್ಜಿ ಅಡುಗೆಮನೆಯ ಕಿಟಕಿಯ ಪಕ್ಕ ಅದೇ ಕುರ್ಚಿಯಲ್ಲಿ. ಬೆಳಿಗ್ಗೆ ನಾವು ಅವಳನ್ನು ಅಲ್ಲಿ ಕೂರಿಸುತ್ತೇವೆ, ಸಂಜೆ ಎಬ್ಬಿಸುತ್ತೇವೆ. ನೀನು ಹೊರಟ ದಿನ ಬಾಗಿಲವರೆಗೆ ಬಂದು ಕೈ ಬೀಸಿದಳಲ್ಲ, ಅದಾದ ಮೇಲೆ ಅವಳ ಕಾಲು ನಮ್ಮ ಹೊಸ್ತಿಲು ದಾಟಿಲ್ಲ.

ಮನೆ ಮಾರುವ ಮಾತು ನೀನಿದ್ದಾಗಲೇ ಆಗಿತ್ತು. ಅಜ್ಜಿಯ ಸೊಂಟ ಮುರಿದ ಮೇಲೆ ಲಿಫ್ಟ್ ಇಲ್ಲದ ಈ ಮೂರನೇ ಮಹಡಿ ಅವಳಿಗೆ ಜೈಲಾಯಿತು, ಇದನ್ನು ಮಾರಿ ನೆಲಮಟ್ಟದ ಮನೆ ಕೊಳ್ಳೋಣ ಅಂತ. ಇನ್ನೂ ಯಾಕೆ ಮಾರಿಲ್ಲ ಅಂತ ನೀನು ಕೇಳಿದಾಗಲೆಲ್ಲ ಅಪ್ಪ “ಮಾರ್ಕೆಟ್ ಡಲ್ ಇದೆ ಮಗಳೇ” ಅನ್ನುತ್ತಾರಲ್ಲ, ಅದು ಅರ್ಧ ನಿಜ. ಡಲ್ ಇರುವುದೇನೋ ಹೌದು. ನಮ್ಮ ಬೀದಿಯ ಗೇಟುಗಳ ಮೇಲೆಲ್ಲ ‘ಮಾರಾಟಕ್ಕೆ ಇದೆ’ ಬೋರ್ಡುಗಳು ನೇತಾಡಿ ನೇತಾಡಿ ಬಣ್ಣ ಮಾಸಿವೆ. ಮೂಲೆ ಮನೆಯ ಬೋರ್ಡಿನಲ್ಲಿ ಮೊದಲಿನ ಅಕ್ಷರಗಳೆಲ್ಲ ಹೋಗಿ ಬರೀ ‘ಇದೆ’ ಅಂತ ಉಳಿದಿದೆ. ಉಳಿದ ಅರ್ಧ ನಿಜ ಏನು ಅಂತ ನಾನು ಹೇಳುತ್ತೇನೆ. ಹೇಳುವ ಮೊದಲೇ ಒಂದು ಸಲ ಥೂ ಅಂದುಬಿಡುತ್ತೇನೆ, ಇಲ್ಲದಿದ್ದರೆ ಸಾಲು ಸಾಲಿಗೂ ಅನ್ನಬೇಕಾಗುತ್ತದೆ.

ನಮ್ಮ ಮನೆಗೆ ಬೆಲೆ ಇಟ್ಟಿದ್ದು ಹೇಗೆ ಗೊತ್ತಾ? ಇದೇ ಮೇಜಿನ ಮೇಲೆ. ಮನೆಗಳು ಬಿಸಿ ಬಿಸಿಯಾಗಿ ಹೋಗುತ್ತಿದ್ದ ಕಾಲದಲ್ಲಿ ಕೆಳಗಿನ ಮನೆಯ ಡ್ರಾಯಿಂಗ್ ಮೇಷ್ಟ್ರು ಯಾವ ರೇಟಿಗೆ ಮಾರಿ ಹೋದರೋ, ಅಪ್ಪ ಅಲ್ಲಿಂದ ಶುರು ಮಾಡಿದರು. “ಅವರದು ಎರಡನೇ ಮಹಡಿ, ನಮ್ಮದು ಮೂರನೇದು, ಗಾಳಿ ಜಾಸ್ತಿ” ಅಂತ ಸ್ವಲ್ಪ ಏರಿಸಿದರು. ಅಮ್ಮ ಹಾಕಿಸಿದ ಅಡುಗೆಮನೆಯ ಟೈಲ್ಸಿಗೆ ಸ್ವಲ್ಪ. ನಿನ್ನ ಕೋಣೆಯ ಬೀರುವಿಗೆ ಸ್ವಲ್ಪ. ಈ ಮನೆ ಕೊಳ್ಳಲು ತಾವು ಓವರ್‌ಟೈಮ್ ಮಾಡಿ ನಿದ್ದೆಗೆಟ್ಟಿದ್ದಕ್ಕೆ ಸ್ವಲ್ಪ. ಬಂದವರು ಚೌಕಾಸಿ ಮಾಡುತ್ತಾರಲ್ಲ, ಆಗ ಬಿಟ್ಟುಕೊಡಲು ಸ್ವಲ್ಪ. ಕೊನೆಗೆ ಬಂದ ಮೊತ್ತ ತೀರಾ ದುಂಡಗಿದೆ, ದುರಾಸೆ ಅನ್ನಿಸುತ್ತದೆ ಅಂತ ಬಾಲದಲ್ಲಿ ಚೂರು ಕತ್ತರಿಸಿ ಒಂಬತ್ತುಗಳನ್ನು ಸಾಲಾಗಿ ನಿಲ್ಲಿಸಿದರು. ಅಜ್ಜಿ ಕುರ್ಚಿಯಿಂದಲೇ “ಇದ್ರಲ್ಲಿ ಕೊಳ್ಳೋರ ಜೇಬು ಎಲ್ಲಿ ಬಂತೋ?” ಅಂದಳು. ಆ ಅಂಕಿಗೆ ನಾನೂ ಅಮ್ಮನೂ ಗುಟ್ಟಾಗಿ ‘ದೊಡ್ಡಪ್ಪ’ ಅಂತ ಹೆಸರಿಟ್ಟಿದ್ದೇವೆ. ಮನೆಯಲ್ಲಿ ಬಂದು ಠಿಕಾಣಿ ಹೂಡಿದ್ದಾನೆ, ಹೋಗುವ ಲಕ್ಷಣವಿಲ್ಲ, ಎದುರು ಮಾತಾಡುವ ಹಾಗೂ ಇಲ್ಲ.

ಈಗ ನನ್ನ ಪಾತ್ರ. ಫೋನಿನಲ್ಲಿ ‘ಮನೆ ಮಾತು’ ಅಂತ ಒಂದು ಗುಂಪಿದೆ. ನಮ್ಮ ಊರಲ್ಲಿ ಮನೆ ಮಾರುವವರು, ಕೊಳ್ಳುವವರು ಎಲ್ಲ ಅಲ್ಲೇ ಹರಟುತ್ತಾರೆ. ನೀನು ಕ್ರಿಕೆಟ್ ನೋಡಿದ ಹಾಗೆ ನಾನು ಅದನ್ನು ನೋಡುತ್ತಿದ್ದೆ, ಕ್ಲಾಸಿನಲ್ಲೂ ಮೇಜಿನ ಕೆಳಗೆ. ಅಲ್ಲಿ ಒಬ್ಬ ‘ಗೋಡೆ ಗುರು’. ಮುಖ ತೋರಿಸುವುದಿಲ್ಲ, ಮುಖದ ಜಾಗದಲ್ಲಿ ಗಾರೆಯವರು ಮಟ್ಟ ನೋಡುವ ಒಂದು ರಸಮಟ್ಟದ ಚಿತ್ರ. ಆದರೆ ಬರೆದರೆ ಬೆಂಕಿ! “ಇಳಿಸಿದವನು ಸತ್ತ, ಕಾದವನು ಗೆದ್ದ.” “ಬೋರ್ಡು ಹಳತಾದರೆ ಫೋಟೋ ಬದಲಿಸಿ, ಹೊಸದಾಗಿ ಬಂದ ಮನೆ ಅಂತ ಮತ್ತೆ ಹಾಕಿ.” “ಕಿಟಕಿ ನೋಡುವವನು ಟೈಂಪಾಸು, ಸಿಂಕಿನ ಕೆಳಗೆ ನೋಡುವವನು ಗಿರಾಕಿ.” ನಾನು ಒಂದೊಂದನ್ನೂ ಸ್ಕ್ರೀನ್‌ಶಾಟ್ ತೆಗೆದು ಅಪ್ಪನಿಗೆ ಓದಿ ಹೇಳುತ್ತಿದ್ದೆ. ಕಿಟಕಿಯ ಮಾತು ಕೇಳಿ ಅಪ್ಪ ಮೇಜು ಕುಟ್ಟಿದರು. “ಇವನ್ಯಾರೋ ನಮ್ಮ ಇಲಾಖೆಯೋನೇ! ಟಿಕೆಟ್ ಇಲ್ಲದೋನೂ ಅಷ್ಟೇ, ನಾನು ಬಸ್ ಹತ್ತಿದ ತಕ್ಷಣ ಕಿಟಕಿ ಕಡೆ ನೋಡ್ತಾನೆ.” ಅಂದಿನಿಂದ ಮನೆಯಲ್ಲಿ ಗುರುವಿನ ಮಾತೇ ಮಾತು. ಹಳೇ ಬೋರ್ಡು ತೆಗೆದು ಹೊಸ ಫೋಟೋ ಹಾಕಿದೆವು. ಫೋಟೋ ತೆಗೆಯುವಾಗ ಅಪ್ಪ ಅಜ್ಜಿಯನ್ನು ಕುರ್ಚಿ ಸಮೇತ ಬಚ್ಚಲಿನ ಬಾಗಿಲ ಹಿಂದೆ ಸರಿಸಿದರು. ಮುದುಕರು ಕಂಡರೆ ಮನೆಯೂ ಮುದಿಯಾಗಿ ಕಾಣುತ್ತದಂತೆ, ಅದೂ ಗುರುವಿನದ್ದೇ ಮಾತು. ಅಜ್ಜಿ ಒಳಗಿಂದ “ಮುಗೀತೇನ್ರೋ, ಇಲ್ಲಿ ನಲ್ಲಿ ತೊಟ್ಟಿಕ್ಕಿ ಬೆನ್ನು ನೆನೀತಾ ಇದೆ” ಅನ್ನುತ್ತಿದ್ದಳು. ನಾವು ಇನ್ನೊಂದು ಫೋಟೋ, ಇನ್ನೊಂದು ಫೋಟೋ ಅನ್ನುತ್ತಿದ್ದೆವು.

ಆಮೇಲೆ ಜನ ಬರಲು ಶುರುವಾಯಿತು ನೋಡು. ಭಾನುವಾರ ಬಂತೆಂದರೆ ಬೆಲ್ಲು. ಅಪ್ಪನ ಎದೆ ಇಷ್ಟಗಲ. “ಡಿಮ್ಯಾಂಡ್ ಇದೆ, ನಾನು ಹೇಳಿರಲಿಲ್ವಾ?” ಬಂದವರು ಎಲ್ಲ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಹುಬ್ಬೇರಿಸಿ “ಪರವಾಗಿಲ್ಲ” ಅಂದು ಹೋಗುತ್ತಾರೆ, ಮತ್ತೆ ಫೋನಿಲ್ಲ. ಯಾಕೆ ಅಂತ ಗೊತ್ತಾಗಿದ್ದು ಅಪ್ಪ ಅಮ್ಮ ಹಿಂದಿನ ಬೀದಿಗೆ ಹೋದ ದಿನ. ಬೇರೆಯವರು ಎಷ್ಟು ಹೇಳುತ್ತಿದ್ದಾರೆ ಅಂತ ತಿಳಿಯಲು ಕೊಳ್ಳುವವರ ವೇಷದಲ್ಲಿ ಹೋಗಿ ಅಂತ ಗುರು ಬರೆದಿದ್ದನಲ್ಲ, ಇವರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದರು. ಬಾಗಿಲು ತೆಗೆದವರು ಯಾರು? ಅದರ ಹಿಂದಿನ ವಾರ ನಮ್ಮ ಮನೆಗೆ ‘ಕೊಳ್ಳಲು’ ಬಂದಿದ್ದ ಅದೇ ಗಂಡ ಹೆಂಡತಿ! ನೆಲ ಬಾಯಿ ಬಿಡಬಾರದಾ ಅನ್ನಿಸಿತಂತೆ ಅಮ್ಮನಿಗೆ. ಆದರೆ ಅವರೂ ಏನೂ ಆಗಿಲ್ಲದ ಹಾಗೆ ಕೋಣೆ ತೋರಿಸಿದರು, ಇವರೂ ಏನೂ ಆಗಿಲ್ಲದ ಹಾಗೆ ನೋಡಿದರು, ಅಪ್ಪ “ಗಾಳಿ ಬೆಳಕು ಚೆನ್ನಾಗಿದೆ” ಅಂದರಂತೆ, ಅವರು “ನಿಮ್ಮದರಷ್ಟಿಲ್ಲ” ಅಂದರಂತೆ. ಯೋಚಿಸಿ ನೋಡು ಅಕ್ಕಾ, ಊರಿಗೆ ಊರೇ ಮಾರುವವರು, ಒಬ್ಬರ ಮನೆ ಒಬ್ಬರು ನೋಡಿ, ಅವರೇ ಅಷ್ಟು ಹೇಳುತ್ತಿದ್ದಾರೆ ಅಂದರೆ ನಮ್ಮದು ಇನ್ನಷ್ಟು ಅಂತ ಏರಿಸಿಕೊಂಡು ಕೂತಿದ್ದಾರೆ. ಕೊಳ್ಳುವವನು ಒಬ್ಬನೂ ಇಲ್ಲ. ಹಿಂದಿನ ಬೀದಿಯಲ್ಲಿ ಒಬ್ಬರು ಪಾಪ ಸ್ವಲ್ಪ ಇಳಿಸಿದ್ದಕ್ಕೆ ಅಕ್ಕಪಕ್ಕದವರು ಮಾತು ಬಿಟ್ಟಿದ್ದಾರೆ, ಬೀದಿಯ ರೇಟು ಕೆಡಿಸಿದರಂತೆ, ಕಳ್ಳತನ ಮಾಡಿದವರನ್ನು ನೋಡಿದ ಹಾಗೆ ನೋಡುತ್ತಾರೆ. ಇದನ್ನೆಲ್ಲ ಕಂಡೂ ಅಪ್ಪ ಕಲಿತ ಪಾಠ ಏನು ಗೊತ್ತಾ? ಬರುವವರೆಲ್ಲ ಗೂಢಚಾರರು, ಹುಷಾರಾಗಿರಬೇಕು! ಇದೇ ಆಮೇಲೆ ನಮಗೆ ಮುಳುವಾಯಿತು.

ಅಷ್ಟರಲ್ಲಿ ಬ್ರೋಕರ್ ಒಬ್ಬ ನಮಗೊಂದು ನೆಲಮಟ್ಟದ ಮನೆ ತೋರಿಸಿದ. ಓನರ್ ಇರಲಿಲ್ಲ, ಕೀ ತಂದು ಅವನೇ ತೆಗೆದ. ಒಂದೇ ಒಂದು ಮೆಟ್ಟಿಲಿಲ್ಲ ಅಕ್ಕಾ, ಬಾಗಿಲು ತೆಗೆದರೆ ನೇರ ಬೀದಿ. ಅಜ್ಜಿಗೆ ಫೋನಿನಲ್ಲಿ ವಿಡಿಯೋ ತೋರಿಸಿದರೆ ಅವಳು ಕೋಣೆಗಳನ್ನೆಲ್ಲ ಬಿಟ್ಟು ಬಾಗಿಲನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಅಡುಗೆಮನೆಯಲ್ಲಿ ಹಸಿರು ಟೈಲ್ಸು, ಮೀನಿನ ಆಕಾರದ ನಲ್ಲಿ. ಆ ನಲ್ಲಿ ಕಂಡ ತಕ್ಷಣ ನನಗೆ ಮೈ ಜುಂ ಅಂದಿತು. ‘ಮನೆ ತೋರಿಸುವುದು ಹೇಗೆ’ ಅಂತ ಗೋಡೆ ಗುರು ಗುಂಪಿನಲ್ಲಿ ಹಾಕಿದ್ದ ಫೋಟೋಗಳಲ್ಲಿ ಇದ್ದದ್ದು ಅದೇ ನಲ್ಲಿ, ಅದೇ ಹಸಿರು. ಅಂದರೆ ಇದು ಗುರುವಿನ ಮನೆ! ನಾವು ಗುರುವಿನ ಮನೆ ಕೊಳ್ಳುತ್ತೇವೆ! ಅವನು ಹೇಳುತ್ತಿದ್ದ ಬೆಲೆ ಜಾಸ್ತಿಯೇ ಇತ್ತು. ಅಪ್ಪ ದಾರಿಯುದ್ದಕ್ಕೂ “ಹಗಲು ದರೋಡೆ, ಈ ಕಾಲದಲ್ಲಿ ಇಷ್ಟು ಹೇಳೋಕೆ ನಾಚಿಕೆ ಬೇಡ್ವಾ?” ಅಂತ ಬೈಯುತ್ತಾ ಬಂದರು. ಮನೆಗೆ ಬಂದು ಚಪ್ಪಲಿ ಬಿಟ್ಟವರೇ ನಮ್ಮ ದೊಡ್ಡಪ್ಪನನ್ನು ಇನ್ನೊಂದು ಚೂರು ಏರಿಸಿದರು. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ.

ಮುಂದಿನ ಭಾನುವಾರ ಒಬ್ಬ ಬಂದ. ಐವತ್ತರ ಆಸುಪಾಸು, ನಯವಾದ ಮಾತು, ಶೂ ಬಿಟ್ಟು ಜೋಡಿಸಿ ಇಟ್ಟ. ಕಿಟಕಿಯ ಕಡೆ ತಿರುಗಲೇ ಇಲ್ಲ. ನೇರ ಸಿಂಕಿನ ಬಳಿ ಹೋಗಿ, ಬಗ್ಗಿ, ಕೆಳಗಿನ ಬಾಗಿಲು ತೆಗೆದು, “ಕಿಟಕಿ ನೋಡೋನು ಟೈಂಪಾಸು ಸಾರ್, ಮನೆ ಇರೋದು ಇಲ್ಲಿ” ಅಂದ. ಗುರು! ನಮ್ಮ ಅಡುಗೆಮನೆಯಲ್ಲಿ! ನಾನು ಹಲ್ಲು ಕಿರಿದುಕೊಂಡು ಟೀ ಮಾಡಿದೆ, ಅಮ್ಮ ಅತಿಥಿಗಳಿಗೆ ಅಂತ ಎತ್ತಿಟ್ಟ ಕಪ್ಪಿನಲ್ಲೇ ಕೊಟ್ಟೆ, ಬಿಸ್ಕತ್ತೂ ಕೊಟ್ಟೆ. ತಾನು ಯಾರು ಅಂತ ಅವನೇ ಹೇಳುತ್ತಾನೆ, ನಾನು ಫೋಟೋ ತೆಗೆಸಿಕೊಳ್ಳುತ್ತೇನೆ ಅಂತ ಕಾಯುತ್ತಾ ನಿಂತೆ. ಅವನು ಹೇಳಲಿಲ್ಲ. ಸಿಂಕು ನೋಡಿದನಲ್ಲ, ಅಪ್ಪನ ಲೆಕ್ಕದಲ್ಲಿ ಅವನು ಅಸಲಿ ಗಿರಾಕಿ. ಕೂರಿಸಿಕೊಂಡು ಎಲ್ಲ ಬಿಚ್ಚಿಟ್ಟರು, ಜೊತೆಗೆ ಇಲ್ಲದ್ದನ್ನೂ. “ಒಬ್ರು ಆಗ್ಲೇ ಈ ರೇಟಿಗೆ ಒಪ್ಕೊಂಡು ಹೋಗಿದಾರೆ ಸಾರ್, ನಾನೇ ಯೋಚ್ನೆ ಮಾಡ್ತಾ ಇದೀನಿ.” ಅಷ್ಟು ದೊಡ್ಡ ಸುಳ್ಳನ್ನು ಅಪ್ಪ ಯಾವ ಪ್ರಯಾಣಿಕನ ಬಾಯಲ್ಲಾದರೂ ಕೇಳಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಡುತ್ತಿದ್ದರು. ಅವನು ಅಜ್ಜಿಯ ಕಡೆ ತಿರುಗಿ “ಅಮ್ಮಾ, ಮೆಟ್ಟಿಲು ಕಷ್ಟ ಅಲ್ವಾ?” ಅಂತ ಎಷ್ಟು ಮೆತ್ತಗೆ ಕೇಳಿದ ಅಂದರೆ ನನ್ನ ಕಣ್ಣಲ್ಲಿ ನೀರೇ ಬಂತು. ಅಜ್ಜಿ ಮಾತ್ರ ಅವನನ್ನೇ ನೋಡುತ್ತಾ “ನಿಮಗೇನು ಕಷ್ಟ ಇಲ್ವಲ್ಲ, ಸರಾಗ ಹತ್ತಿ ಬಂದ್ರಿ” ಅಂದಳು.

ಎರಡೇ ದಿನಕ್ಕೆ ಬ್ರೋಕರ್ ಫೋನ್ ಮಾಡಿದ. ಆ ನೆಲಮಟ್ಟದ ಮನೆಯ ಓನರ್ ಬೆಲೆ ಏರಿಸಿದ್ದಾರಂತೆ. ಯಾಕೆ ಅಂದರೆ “ನಿಮ್ಮದು ಒಳ್ಳೆ ರೇಟಿಗೆ ಹೋಗ್ತಾ ಇದೆಯಂತಲ್ಲ ಸಾರ್, ನಿಮಗೇನು ಭಾರ ಆಗಲ್ಲ” ಅಂದನಂತೆ. ಅಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದು ನನಗೆ, ಅವತ್ತು ಮಧ್ಯಾಹ್ನ ಬಸ್ಸಿನಲ್ಲಿ ನಿಂತುಕೊಂಡು ಗುಂಪು ತೆರೆದಾಗ. ಗುರು ಬರೆದಿದ್ದ. ಕೇಳು, ಇದು ನನಗೆ ಬಾಯಿಪಾಠ: “ನನ್ನ ಮನೆ ಕೇಳುತ್ತಿರುವ ಪಾರ್ಟಿಯ ಮನೆಗೇ ಗಿರಾಕಿಯಾಗಿ ಹೋಗಿ ಬಂದೆ. ಮೂರನೇ ಮಹಡಿ, ಲಿಫ್ಟಿಲ್ಲ, ಕಿಟಕಿ ಪಕ್ಕ ಒಂದು ಮುದುಕಿ ಗೂಟಕ್ಕೆ ಕಟ್ಟಿದ ಹಾಗೆ ಕೂತಿದೆ. ಇವರಿಗೆ ನೆಲಮಟ್ಟ ಬಿಟ್ಟರೆ ಗತಿಯಿಲ್ಲ. ಇಂಥವರು ಸಿಕ್ಕರೆ ಇಳಿಸಬೇಡಿ, ಏರಿಸಿ. ಮುದುಕಿ ನಮ್ಮ ಪರವಾಗಿ ಕೆಲಸ ಮಾಡುತ್ತೆ.” ಅದರ ಕೆಳಗೆ ನಗುವ ಮುಖಗಳ ಸಾಲು. ಒಬ್ಬ “ಗುರುವೇ ನಿಮ್ಮ ಪಾದ ಎಲ್ಲಿ” ಅಂತ ಬರೆದಿದ್ದ. ಅಕ್ಕಾ, ಅವನು ಈ ಹಿಂದೆ ಬರೆದದ್ದಕ್ಕೆಲ್ಲ ನಾನೂ ಹಾಗೇ ನಗುವ ಮುಖ ಹಾಕುತ್ತಿದ್ದೆ. ನಾನು ಒಂದೇ ಸಾಲು ಬರೆದೆ: “ಕುರ್ಚಿಯಲ್ಲಿ ಕೂತಿದ್ದವರು ನನ್ನ ಅಜ್ಜಿ. ಟೀ ಚೆನ್ನಾಗಿತ್ತಾ?” ಅದರ ಕೆಳಗೆ ಒಬ್ಬ ಬರೆದ, “ಮನೆ ಇನ್ನೂ ಇದ್ಯಾ? ಅಡ್ರೆಸ್ ಕಳಿಸಿ, ನೋಡೋಕೆ ಬರ್ತೀವಿ.” ಅದಾದ ಮೇಲೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು. ಒಳ್ಳೆಯದೇ ಆಯಿತು, ನನಗೆ ಅಲ್ಲಿಂದ ಎದ್ದು ಬರಲು ಕಾಲೇ ಬರುತ್ತಿರಲಿಲ್ಲವೇನೋ.

ಮನೆಗೆ ಬಂದು ಅಪ್ಪನಿಗೆ ಎಲ್ಲ ತೋರಿಸಿದೆ. ಮುದುಕಿ ಅನ್ನುವ ಸಾಲಿಗೆ ಬಂದಾಗ ಅಪ್ಪ ಎದ್ದು ಹೋಗಿ ಅಜ್ಜಿಯ ಶಾಲು ಸರಿ ಮಾಡಿದರು. ಈಗಾದರೂ ಬುದ್ಧಿ ಬರುತ್ತದೆ ಅಂದುಕೊಂಡೆ. ತಿರುಗಿ ಬಂದು ಏನಂದರು ಗೊತ್ತಾ? “ಅವ್ನು ಏರಿಸಿದ ಅಂದ್ಮೇಲೆ ನಾವೂ ಏರಿಸ್ಲೇಬೇಕು. ಇಲ್ಲದಿದ್ರೆ ಅವನ ಮನೆ ತಗೊಳ್ಳೋದು ಹೇಗೆ?” ತಮ್ಮ ಸುಳ್ಳಿನಿಂದ ಅವನ ಬೆಲೆ ಏರಿತು, ಅವನ ಬೆಲೆಯಿಂದ ನಮ್ಮದು ಏರಬೇಕು! ಅಮ್ಮ ಕೈಯಲ್ಲಿದ್ದ ಸೌಟನ್ನು ಸಿಂಕಿಗೆ ಹಾಕಿ “ಇಬ್ರು ಸುಳ್ಳುಗಾರರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಂತ್ಕೊಂಡಿದೀರ. ಕೆಳಗೆ ಅತ್ತೆ ಕೂತಿದಾರೆ, ಬಿದ್ರೆ ಅವರ ಮೇಲೇ ಬೀಳ್ತೀರ” ಅಂದಳು. ಅಪ್ಪ ಬಾಣ ಬಿಟ್ಟರು: “ದೊಡ್ಡೋಳೂ ಹೂಂ ಅಂದಿದಾಳೆ. ಅರ್ಧ ಮನೆ ಅವಳ ಹೆಸರಲ್ಲಿದೆ, ನೆನಪಿರ್ಲಿ.” ನೀನು ಹೂಂ ಅಂದಿದ್ದೆಯಾ ಅಕ್ಕಾ? ನೀನು ಅಂದಿದ್ದು “ನಿಮಗೆ ಸರಿ ಅನ್ಸಿದ್ದು ಮಾಡಿ” ಅಂತ. ಅದನ್ನೇ ಅಪ್ಪ ಬೀಗದ ಕೈ ಥರ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ನಿನ್ನ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ, ಈಗ ಹೇಳಿಬಿಟ್ಟೆ.

ಇನ್ನು ಹೋದ ಭಾನುವಾರದ ಕಥೆ, ಇದನ್ನು ಗಮನವಿಟ್ಟು ಓದು. ಬೆಲ್ಲಾಗುವ ಮೊದಲೇ ಅಜ್ಜಿ “ಬ್ಯಾಗಿನ ಹುಡುಗಿ ಬಂದ್ಳು” ಅಂದಳು. ನಮ್ಮ ಕಟ್ಟಡಕ್ಕೆ ಕೊರಿಯರ್ ತಂದು ಕೊಡುತ್ತಾಳಲ್ಲ, ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುವವಳು, ಅವಳು. ಬಾಗಿಲ ಹತ್ತಿರದ ಆ ಕಾಲ ಸದ್ದು ಅಜ್ಜಿಗೆ ದಿನಾ ಪರಿಚಯ. ಅಪ್ಪ ವಾರವಿಡೀ ಡ್ಯೂಟಿಯಲ್ಲಿರುವುದರಿಂದ ಅವಳನ್ನು ನೋಡಿದವರೇ ಅಲ್ಲ. ಅವತ್ತು ಬ್ಯಾಗಿರಲಿಲ್ಲ, ಮನೆ ನೋಡಬೇಕು ಅಂದಳು. ಕೋಣೆಗಳನ್ನು ಸರಸರ ನೋಡಿ ಅಡುಗೆಮನೆಗೆ ಬಂದಳು, ಸಿಂಕಿನ ಕಡೆ ತಿರುಗಲಿಲ್ಲ, ನೇರ ಕಿಟಕಿ! ಅಪ್ಪನ ಹುಬ್ಬು ಗಂಟಾಯಿತು. ಅವಳು ಹೊರಗಿನ ಶಾಲೆಯ ಮೈದಾನವನ್ನೇ ನೋಡುತ್ತಾ ನಿಂತಳು, ನೋಡುತ್ತಲೇ ಇದ್ದಳು. ಆಮೇಲೆ ಅಜ್ಜಿಯನ್ನು ಕೇಳಿದಳು, “ಇಲ್ಲಿಂದ ಕೂಗಿದ್ರೆ ಅಲ್ಲಿಗೆ ಕೇಳ್ಸುತ್ತಾ ಅಜ್ಜಿ?” ಅಜ್ಜಿಯ ಕಣ್ಣು ಹೊಳೆಯಿತು. “ಕೂಗಿ ನೋಡು.” ಆ ಪುಣ್ಯಾತ್ಗಿತ್ತಿ ಕಿಟಕಿ ಪೂರ್ತಿ ತೆಗೆದು, ಎದೆ ತುಂಬ ಉಸಿರೆಳೆದು, “ಊಟಕ್ಕೆ ಬಾರೋ ಮಂಗಾ!” ಅಂತ ಕೂಗಿದಳು. ಮೈದಾನದಲ್ಲಿದ್ದ ಮಕ್ಕಳೆಲ್ಲ ಆಟ ನಿಲ್ಲಿಸಿ ಮೇಲೆ ನೋಡಿದರು. ಅದರಲ್ಲಿ ಒಬ್ಬ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು “ಹತ್ತು ನಿಮಿಷ ಅಮ್ಮಾ!” ಅಂತ ವಾಪಸ್ ಕೂಗಿದ. ಅವಳು ನಮ್ಮ ಕಡೆ ತಿರುಗಿ “ಕೇಳ್ಸುತ್ತೆ” ಅಂದಳು. ಅಜ್ಜಿ ನಕ್ಕಳು ನೋಡು ಅಕ್ಕಾ! ಸೊಂಟ ಹಿಡಿದುಕೊಂಡು, ಅಯ್ಯೋ ನೋವು ಅನ್ನುತ್ತಾ, ನಿಲ್ಲಿಸಲಾಗದೆ ನಕ್ಕಳು.

ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಇಷ್ಟು ಕೊಡಲು ಆಗುತ್ತದೆ, ಇದರ ಮೇಲೆ ಕೇಳಿದರೆ ಆಗುವುದಿಲ್ಲ ಅಂತ ಒಂದು ಅಂಕಿ ಹೇಳಿದಳು. ಅದು ದೊಡ್ಡಪ್ಪನ ಹತ್ತಿರವೂ ಬರುವುದಿಲ್ಲ, ನಿಜ. ಆದರೆ ಇಳಿಸಿದ ತಪ್ಪಿಗೆ ಎಲ್ಲರೂ ಮಾತು ಬಿಟ್ಟಿದ್ದಾರಲ್ಲ, ಆ ಹಿಂದಿನ ಬೀದಿಯವರ ಮನೆ ಕೊನೆಗೆ ಹೋಗಿದ್ದು ಆ ರೇಟಿಗೇ. ಊರಲ್ಲಿ ಈಗ ನಿಜವಾಗಿ ಮಾರಿಹೋದ ಮನೆ ಅದೊಂದೇ. ಅಪ್ಪ ಎದ್ದು ನಿಂತರು. ಬಸ್ಸಿನಲ್ಲಿ ನಿಲ್ಲುವ ಹಾಗೆ, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. “ಯಾರು ಕಳಿಸಿದ್ದು ನಿನ್ನ? ಕಿಟಕಿ ನೋಡಿದಾಗಲೇ ಗೊತ್ತಾಯ್ತು. ಯಾವ ಮನೆಯವಳು, ನಿಂದೆಷ್ಟಕ್ಕೆ ಇಟ್ಟಿದೀಯ?” ಅಜ್ಜಿ “ಲೋ, ಅವಳ ಕಾಲ ಸದ್ದು ನಂಗೆ ಗೊತ್ತು ಕಣೋ, ದಿನಾ ಬರ್ತಾಳೆ” ಅಂದಳು. “ಅಮ್ಮಾ, ನೀನು ಸುಮ್ನಿರು.” ಅಷ್ಟೇ. ಅವಳು ಬಾಡಿದ ಮುಖದಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಸುಳ್ಳ ಬಂದಾಗ ಟೀ, ಬಿಸ್ಕತ್ತು, ಸಾರ್. ನಿಜವಾದ ಗಿರಾಕಿ ಬಂದಾಗ ‘ಯಾರು ಕಳಿಸಿದ್ದು ನಿನ್ನ?’ ನನಗೆ ನಮ್ಮ ಮನೆಯ ಗೋಡೆ ಕಂಡರೇ ಹೇಸಿಗೆಯಾಯಿತು.

ನಾನು ಬರಿಗಾಲಲ್ಲೇ ಇಳಿದು ಓಡಿದೆ. ಗೇಟಿನ ಹತ್ತಿರ ಸಿಕ್ಕಿದಳು. “ಮೂರನೇ ಮಹಡಿ ನಂಗೆ ತೊಂದ್ರೆ ಇಲ್ಲ ಕಣಮ್ಮಾ, ದಿನಾ ಎಷ್ಟು ಮಹಡಿ ಹತ್ತಿ ಇಳೀತೀನಿ. ತೊಂದ್ರೆ ಇರೋದು ನಿಮ್ಮಪ್ಪಂದು” ಅಂದಳು. ಕ್ಷಮೆ ಕೇಳಿದೆ. ಈಗ ಅವರಿರುವುದು ಲಾಂಡ್ರಿಯ ಹಿಂದಿನ ಬಾಡಿಗೆ ಮನೆಯಲ್ಲಂತೆ, ಎರಡು ಕೋಣೆ, ನೆಲಮಟ್ಟ, ಸೋಪಿನ ವಾಸನೆ, ಗೋಡೆ ಸ್ವಲ್ಪ ತೇವ. ಮಗ ಎಲ್ಲಿ ಆಡುತ್ತಿದ್ದಾನೆ ಅಂತ ಅಲ್ಲಿಂದ ಕಾಣುವುದಿಲ್ಲ, ಅದಕ್ಕೇ ಮೇಲಿನ ಮನೆ ಹುಡುಕುತ್ತಿದ್ದಾಳೆ. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆ ನೋಡುತ್ತೇನೆ ಅಂದಳು. ನಾನು ಇದನ್ನೆಲ್ಲ ಅಜ್ಜಿಗೆ ಮಾತ್ರ ಹೇಳಿದೆ. ಆ ಬಾಡಿಗೆ ಮನೆಯನ್ನು ನಾವು ಹಿಡಿಯಬಹುದಲ್ಲ, ಗುರುವಿನ ಮನೆಯ ಹಂಗೇ ಬೇಡವಲ್ಲ ಅಂದೆ. ತೇವದ ವಿಷಯವನ್ನೂ ಹೇಳಿದೆ. ಅಜ್ಜಿ “ನಂಗೆ ಮನೆ ಬೇಡ ಕಣೇ, ಬಾಗ್ಲು ಬೇಕು” ಅಂದಳು. ಅಪ್ಪನಿಗೆ ಹೇಳಿದರೆ “ಸ್ವಂತ ಮನೆ ಮಾರಿ ಬಾಡಿಗೆ ಮನೆಗಾ? ಡಿಪೋದಲ್ಲಿ ತಲೆ ಎತ್ತೋದು ಹೇಗೆ?” ಅನ್ನುತ್ತಾರೆ, ನನಗೆ ಗೊತ್ತು. ಅಪ್ಪ ಕೆಟ್ಟವರಲ್ಲ. ಅವರು ಆ ಅಂಕಿಯನ್ನು ಇಳಿಸಿದರೆ ತಾವು ನಿದ್ದೆಗೆಟ್ಟ ರಾತ್ರಿಗಳನ್ನೇ ಯಾರೋ ಕಡಿಮೆ ಮಾಡಿದರು ಅಂದುಕೊಳ್ಳುತ್ತಾರೆ. ಆದರೆ ಕೊಳ್ಳುವವರು ಅದಕ್ಕೆ ಯಾಕೆ ದುಡ್ಡು ಕೊಡಬೇಕು, ಅಜ್ಜಿ ಯಾಕೆ ಕೂತಲ್ಲೇ ಕೂತಿರಬೇಕು?

ಸರಿ, ಕೈ ನೋಯುತ್ತಿದೆ. ಅಮ್ಮ ನಿನಗೆ ಮುತ್ತು ಕೊಟ್ಟಿದ್ದಾಳೆ, ಹಲ್ಲು ಎರಡ್ಹೊತ್ತು ಉಜ್ಜಬೇಕಂತೆ. ಅಜ್ಜಿ ತಲೆ ಮೇಲೆ ಕೈಯಿಟ್ಟು ಹರಸಿದ್ದಾಳೆ. ನಿನ್ನ ತಲೆ ಇಲ್ಲಿ ಸಿಗದೆ ನನ್ನ ತಲೆಯ ಮೇಲೇ ಇಟ್ಟಳು. ಅಪ್ಪನಿಗೆ ಈ ಕಾಗದದ ವಿಷಯ ಗೊತ್ತಿಲ್ಲ, ಆದರೆ ಅವರ ಪ್ರೀತಿಯನ್ನೂ ಸೇರಿಸಿ ಕಳಿಸುತ್ತಿದ್ದೇನೆ, ಅದು ಯಾವಾಗಲೂ ಇರುತ್ತದಲ್ಲ.

ನಿನ್ನ ಬಾಯಿಬಡುಕಿ ತಂಗಿ,
ಗಿಣಿ

ಮತ್ತೊಂದು ವಿಷಯ: ಸೋಮವಾರ. ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಅಕ್ಕಾ, ಅಜ್ಜಿ ಇಳಿದುಬಿಟ್ಟಿದ್ದಾಳೆ! ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದು, ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರುತ್ತಾ ಎರಡನೇ ಮಹಡಿಯವರೆಗೆ ಬಂದು ಅಲ್ಲೇ ಕೂತಿದ್ದಾಳೆ. ಏನೂ ಆಗಿಲ್ಲ, ಗಾಬರಿಯಾಗಬೇಡ, ಸೀರೆ ಮಾತ್ರ ಧೂಳು. ಪಾರ್ಸಲ್ ಕೊಡಲು ಬಂದ ಬ್ಯಾಗಿನ ಹುಡುಗಿಯೇ ಮೊದಲು ಕಂಡದ್ದು, ಕೆಲಸ ಬಿಟ್ಟು ಪಕ್ಕದಲ್ಲಿ ಕೂತು ನೀರು ಕುಡಿಸಿದ್ದಾಳೆ. ಅಷ್ಟರಲ್ಲಿ ನಾನು ಬಂದೆ, ನನ್ನ ಹಿಂದೆಯೇ ಡ್ಯೂಟಿ ಮುಗಿಸಿ ಅಪ್ಪ. “ಅಮ್ಮಾ, ಬಾ, ಎತ್ಕೊಂಡು ಮೇಲೆ ಹೋಗ್ತೀನಿ” ಅಂದರು. ಅಜ್ಜಿ ಕಂಬಿ ಹಿಡಿದುಕೊಂಡು “ಮುಟ್ಟಬೇಡ. ನಾನು ಟಿಕೆಟ್ ತಗೊಂಡಿರೋದು ಕೆಳಗಿನ ಸ್ಟಾಪಿಗೆ” ಅಂದಳು. ಅಪ್ಪ ಅಲ್ಲೇ, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಯೂನಿಫಾರ್ಮಿನಲ್ಲೇ ಕೂತರು. ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಬ್ಯಾಗಿನ ಹುಡುಗಿಯ ಮುಖ ನೋಡದೆ, ಅವಳ ಬ್ಯಾಗನ್ನು ನೋಡುತ್ತಾ, “ಅವತ್ತು ನೀನು ಎಷ್ಟು ಅಂದಿದ್ದೆ?” ಅಂತ ಕೇಳಿದರು. ಮರೆತವರ ಥರ! ಅವಳು ಅದೇ ಅಂಕಿ ಹೇಳಿದಳು, ಒಂದು ಕಾಸು ಹೆಚ್ಚಿಲ್ಲ ಕಮ್ಮಿಯಿಲ್ಲ. ಅಪ್ಪ “ದೊಡ್ಡೋಳು ಒಪ್ಪಿದ್ರೆ ನಂದೇನಿಲ್ಲ” ಅಂದರು.

ಅದಕ್ಕೇ ಅಕ್ಕಾ, ಎಲ್ಲ ನಿನ್ನ ಕೈಯಲ್ಲಿದೆ. ಬಂದರು ಮುಟ್ಟಿದ ತಕ್ಷಣ ಒಪ್ಪಿಗೆ ಬರೆದು ಕಳಿಸು, ತಿಂಗಳ ಕೊನೆಯೊಳಗೆ. ‘ನಿಮಗೆ ಸರಿ ಅನ್ನಿಸಿದ್ದು ಮಾಡಿ’ ಅಂತ ಮಾತ್ರ ಬರೆಯಬೇಡ, ನಿನ್ನ ದಮ್ಮಯ್ಯ. ಒಪ್ಪಿದ್ದೇನೆ ಅಂತ ಬರಿ, ಕೆಳಗೆ ಸಹಿ ಹಾಕು. ಬಂದರಿನ ಟಪಾಲು ಇವತ್ತೇ ಹೊರಡುತ್ತದಂತೆ, ಬ್ಯಾಗಿನ ಹುಡುಗಿಯೇ ಇದನ್ನು ತಲುಪಿಸುತ್ತಾಳಂತೆ, ಕವರು ಹಿಡಿದು ನಿಂತಿದ್ದಾಳೆ. ಇಲ್ಲ, ಅಪ್ಪ ಮೇಲಿಂದ ಕುರ್ಚಿ ತಂದು ಅಜ್ಜಿಯನ್ನು ಕೂರಿಸಿದರು, ಈಗ ಅವಳು ಕವರು ನನ್ನ ಕೈಗೆ ಕೊಟ್ಟು ಕುರ್ಚಿಯ ಒಂದು ಕಡೆ ಹಿಡಿದಳು. ಇನ್ನೊಂದು ಕಡೆ ಅಪ್ಪ. ಬರೀ ಬೀದಿ ತೋರಿಸಿಕೊಂಡು ಬರುತ್ತಾರಂತೆ. ಅಜ್ಜಿ ಕುರ್ಚಿಯ ಮೇಲಿಂದ “ರೈಟ್, ರೈಟ್” ಅನ್ನುತ್ತಿದ್ದಾಳೆ. ನಾನೂ ಹೋಗಬೇಕು. ಬೇಗ ಬರಿ.